ಹಸುವಿಗೆ ಸುತ್ತು ಹಾಕುವುದರಿಂದ ಸರ್ವರ್ ರಿಪೇರಿಯವರೆಗೆ: ಐಟಿ ಪರೀಕ್ಷೆಯ ಪ್ರಶ್ನೆಗಳು ಬದಲಾದ ಕಥೆ

ಹಸು, ಹುಲಿ, ಇಲಿ, ತೋಳ. ಈ ನಾಲ್ಕರಲ್ಲಿ ಹೊಲಮನೆಗೆ ಉಪಯೋಗಕ್ಕೆ ಬರುವ ಪ್ರಾಣಿ ಯಾವುದು? ಅದರ ಹೆಸರಿಗೆ ಸುತ್ತು ಹಾಕಿ.

ನೂರು ವರ್ಷಕ್ಕೂ ಹಿಂದೆ ಅಮೆರಿಕದ ಕಾನ್ಸಾಸ್ ರಾಜ್ಯದ ಶಾಲಾ ಮಕ್ಕಳಿಗೆ ಇಂಥದ್ದೊಂದು ಪ್ರಶ್ನೆ ಕೊಟ್ಟಿದ್ದರು. ಸಿಇಟಿಯಲ್ಲಿ ನಮ್ಮ ಮಕ್ಕಳು ಒಎಂಆರ್ ಹಾಳೆಯ ಮೇಲೆ ಕಪ್ಪು ಮಾಡುವ ಗುಂಡುಗಳಿಗೂ, ಕಂಪ್ಯೂಟರ್ ಕೆಲಸಕ್ಕೆಂದು ಬರೆಯುವ ಎ ಪ್ಲಸ್, ಸಿಸಿಎನ್‌ಎ ಥರದ ಸರ್ಟಿಫಿಕೇಷನ್ ಪರೀಕ್ಷೆಗಳಿಗೂ ಈ ಪ್ರಶ್ನೆ ಅಜ್ಜ ಇದ್ದಂತೆ.

ಐಟಿಐ, ಡಿಪ್ಲೊಮಾ, ಬಿಸಿಎ ಮುಗಿಸಿದ ನಮ್ಮೂರುಗಳ ಹುಡುಗ ಹುಡುಗಿಯರು ಇಂಥ ಪರೀಕ್ಷೆ ಕಟ್ಟುವ ಮುಂಚೆ ಕೇಳುವ ಮೊದಲ ಮಾತು, ‘ಪ್ರಶ್ನೆ ಹೇಗೆ ಬರುತ್ತವೆ?’ ಎಂದು. ಕೇಳುವುದು ಸರಿಯೇ. ಫೀಸು ಸಾವಿರಾರು ರೂಪಾಯಿ. ಫೇಲಾದರೆ ಮತ್ತೆ ಕಟ್ಟಬೇಕು. ಮನೆಯಲ್ಲಿ ಹಾಲಿನ ದುಡ್ಡೋ ಸಂಘದ ಸಾಲವೋ ತೆಗೆದು ಕೊಟ್ಟಿರುತ್ತಾರೆ. ಆ ಪ್ರಶ್ನೆಗೆ ಉತ್ತರ ಈ ಪರೀಕ್ಷೆಗಳ ಇತಿಹಾಸದಲ್ಲೇ ಇದೆ. ಬಾಯಿಪಾಠದಿಂದ ಪಾಸಾಗುವ ದಾರಿ ಸಿಕ್ಕಾಗಲೆಲ್ಲ ಪರೀಕ್ಷೆ ನಡೆಸುವವರು ಪ್ರಶ್ನೆಯ ರೂಪವನ್ನೇ ಬದಲಿಸಿದ್ದಾರೆ.

ಪೆನ್ಸಿಲ್ ಗುರುತಿನ ಕಾಲ

ಕಾನ್ಸಾಸ್‌ನ ಆ ಪರೀಕ್ಷೆಯನ್ನು 1914–15ರ ಸುಮಾರಿಗೆ ರೂಪಿಸಿದವರು ಫ್ರೆಡರಿಕ್ ಕೆಲಿ. ಆಗಿನ ತೊಂದರೆ ನಮಗೂ ಗೊತ್ತಿರುವಂಥದ್ದು. ಒಂದೇ ಉತ್ತರಕ್ಕೆ ಒಬ್ಬ ಮೇಷ್ಟ್ರು ಹೆಚ್ಚು ಅಂಕ ಕೊಟ್ಟರೆ ಇನ್ನೊಬ್ಬರು ಕಡಿಮೆ ಕೊಡುತ್ತಿದ್ದರು. ಸರಿ ಉತ್ತರ ಒಂದೇ ಇದ್ದು, ಅದಕ್ಕೆ ಗುರುತು ಹಾಕಿದರೆ ಸಾಕು ಎಂದಾದರೆ ಈ ತಕರಾರಿಗೆ ಜಾಗವಿಲ್ಲ. ತಿದ್ದುವ ಕೆಲಸವೂ ಬೇಗ ಮುಗಿಯುತ್ತದೆ.

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಸೈನ್ಯವೂ ಇದೇ ದಾರಿ ಹಿಡಿಯಿತು. ಸುಮಾರು 17 ಲಕ್ಷ ಜನರನ್ನು ಹೀಗೆ ಪರೀಕ್ಷಿಸಿ ಯಾರಿಗೆ ಯಾವ ಕೆಲಸ ಎಂದು ವಿಂಗಡಿಸಲು ನೋಡಿದರು.

ಮುಂದಿನ ಹೆಜ್ಜೆ ಯಂತ್ರದ್ದು. ಮಿಷಿಗನ್‌ನ ಹೈಸ್ಕೂಲ್ ಮೇಷ್ಟ್ರು ರೆನಾಲ್ಡ್ ಜಾನ್ಸನ್ ಒಂದು ವಿಷಯ ಗಮನಿಸಿದ್ದರು. ಪೆನ್ಸಿಲ್ ಗುರುತಿನ ಮೂಲಕ ಕರೆಂಟ್ ಹರಿಯುತ್ತದೆ. ಹಾಗಾದರೆ ಗುರುತು ಎಲ್ಲಿದೆ ಎಂದು ಯಂತ್ರವೇ ಕಂಡುಹಿಡಿದು ಅಂಕ ಎಣಿಸಬಹುದು. ಐಬಿಎಂ ಕಂಪನಿ ಅವರನ್ನು ಕೆಲಸಕ್ಕೆ ಕರೆದುಕೊಂಡಿತು, 1938ರಲ್ಲಿ ಐಬಿಎಂ 805 ಎಂಬ ಯಂತ್ರ ಮಾರುಕಟ್ಟೆಗೆ ಬಂತು. ಇದೇ ಮೇಷ್ಟ್ರ ಮುಂದಾಳುತನದಲ್ಲಿ ಐಬಿಎಂನ ತಂಡ 1956ರಲ್ಲಿ ಜಗತ್ತಿನ ಮೊದಲ ಹಾರ್ಡ್ ಡಿಸ್ಕ್ ಕೂಡ ತಂದಿತು. ಎ ಪ್ಲಸ್ ಪರೀಕ್ಷೆಯಲ್ಲಿ ಹಾರ್ಡ್ ಡಿಸ್ಕ್ ಬಗ್ಗೆ ಆಯ್ಕೆ ಪ್ರಶ್ನೆ ಬಂದರೆ, ಪ್ರಶ್ನೆ ತಿದ್ದುವ ಯಂತ್ರಕ್ಕೂ ಪ್ರಶ್ನೆಯ ವಸ್ತುವಿಗೂ ಒಬ್ಬರೇ ಕಾರಣ ಎಂದು ನೆನಪಿಡಿ.

ಕಾಗದದ ಎಂಜಿನಿಯರುಗಳು

1980ರ ದಶಕದ ಕೊನೆಗೆ ಆಫೀಸುಗಳಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಜೋರಾಯಿತು. ಅದರಲ್ಲಿ ಮುಂದಿದ್ದ ನೋವೆಲ್ ಕಂಪನಿ ತನ್ನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ‘ಸಿಎನ್‌ಇ’ ಸರ್ಟಿಫಿಕೇಟ್ ಕೊಡತೊಡಗಿತು. 1992ರಲ್ಲಿ ಮೈಕ್ರೋಸಾಫ್ಟ್, 1993ರಲ್ಲಿ ಕಾಂಪ್‌ಟಿಯಾದ ಎ ಪ್ಲಸ್ ಬಂದವು. ಪ್ರಶ್ನೆಗಳು ಬಹುಪಾಲು ಕೆಲಿಯವರ ಹಳೆಯ ಮಾದರಿಯವೇ. ಪೆನ್ಸಿಲ್ ಜಾಗಕ್ಕೆ ಮೌಸ್ ಬಂತು, ಅಷ್ಟೇ.

ಸಂಬಳ ಚೆನ್ನಾಗಿತ್ತು, ಹಾಗಾಗಿ ಅಡ್ಡದಾರಿಯೂ ಹುಟ್ಟಿತು. ಪರೀಕ್ಷೆ ಬರೆದು ಬಂದವರು ಪ್ರಶ್ನೆಗಳನ್ನು ನೆನಪಿಟ್ಟು ಹಂಚಿದರು. ಇದಕ್ಕೆ ಬಿದ್ದ ಹೆಸರು ‘ಬ್ರೈನ್ ಡಂಪ್’. ಅದನ್ನು ಬಾಯಿಪಾಠ ಮಾಡಿ ಪಾಸಾದವರು ಕೆಲಸಕ್ಕೆ ಸೇರಿದ ಮೇಲೆ ಸರ್ವರ್ ನಿಂತುಹೋದರೆ ಏನು ಮಾಡಬೇಕೆಂದು ತಿಳಿಯದೆ ಒದ್ದಾಡಿದರು. ಸಹೋದ್ಯೋಗಿಗಳು ಅವರನ್ನು ‘ಪೇಪರ್ ಸಿಎನ್‌ಇ’, ‘ಪೇಪರ್ ಎಂಸಿಎಸ್‌ಇ’ ಎಂದು ಆಡಿಕೊಂಡರು. ಕಾಗದದಲ್ಲಿ ಮಾತ್ರ ಎಂಜಿನಿಯರ್ ಎಂದರ್ಥ. ನಷ್ಟ ಅವರಿಗಷ್ಟೇ ಆಗಲಿಲ್ಲ. ಕಷ್ಟಪಟ್ಟು ಕಲಿತವರ ಸರ್ಟಿಫಿಕೇಟಿನ ಬೆಲೆಯೂ ಇಳಿಯಿತು.

ಕಂಪನಿಗಳು ಮೊದಲು ಮಾಡಿದ ಉಪಾಯ ‘ಅಡಾಪ್ಟಿವ್’ ಪರೀಕ್ಷೆ. ಸರಿ ಉತ್ತರ ಕೊಟ್ಟರೆ ಮುಂದಿನದು ಕಷ್ಟದ್ದು, ತಪ್ಪಾದರೆ ಸುಲಭದ್ದು. ಹಾಗಾಗಿ ಇಬ್ಬರಿಗೆ ಒಂದೇ ಪ್ರಶ್ನೆಪತ್ರಿಕೆ ಬರುತ್ತಿರಲಿಲ್ಲ. ಆದರೂ ಅದು ಆಯ್ಕೆ ಪ್ರಶ್ನೆಯೇ ಆಗಿತ್ತು.

ಮಾಡಿ ತೋರಿಸು

ಸಿಸ್ಕೊ ಬೇರೆ ದಾರಿ ಹಿಡಿಯಿತು. 1993ರಲ್ಲಿ ಶುರುವಾದ ಸಿಸಿಐಇ ಪರೀಕ್ಷೆಯಲ್ಲಿ ಎರಡು ದಿನ ಲ್ಯಾಬಿನಲ್ಲಿ ಕೂತು ನೆಟ್‌ವರ್ಕ್ ಕಟ್ಟಬೇಕಿತ್ತು. ಕಟ್ಟಿ ಮುಗಿದ ಮೇಲೆ ಪರೀಕ್ಷಕರೇ ಅದನ್ನು ಬೇಕೆಂದು ಕೆಡಿಸುತ್ತಿದ್ದರು. ಎಲ್ಲಿ ಕೆಟ್ಟಿದೆ ಎಂದು ಹುಡುಕಿ ಸರಿಮಾಡಬೇಕು. ಪಂಪ್‌ಸೆಟ್ ಬಿಚ್ಚಿ ಜೋಡಿಸುವ ಮೆಕ್ಯಾನಿಕ್‌ನನ್ನು ಪರೀಕ್ಷೆ ಮಾಡಿದ ಹಾಗೆ. ಮೊದಲ ಸಂಖ್ಯೆ 1024 ಆ ಲ್ಯಾಬಿಗೇ ಸಿಕ್ಕಿತು, ಮನುಷ್ಯರ ಲೆಕ್ಕ 1025ರಿಂದ ಶುರು. 2001ರಲ್ಲಿ ಎರಡು ದಿನದ ಪರೀಕ್ಷೆ ಒಂದು ದಿನಕ್ಕೆ ಇಳಿಯಿತು. ಮುಂದೆ ಬೆಂಗಳೂರಿನಲ್ಲೂ ಈ ಲ್ಯಾಬ್ ಬಂತು.

1999ರಲ್ಲಿ ಬಂದ ರೆಡ್ ಹ್ಯಾಟ್‌ನ ಲಿನಕ್ಸ್ ಪರೀಕ್ಷೆಯೂ ಕೈಕೆಲಸಕ್ಕೇ ಒತ್ತು ಕೊಟ್ಟಿತು. ಇವತ್ತಿನ ಅದರ ಆರ್‌ಎಚ್‌ಸಿಎಸ್‌ಎ ಪರೀಕ್ಷೆಯಲ್ಲಿ ಆಯ್ಕೆ ಪ್ರಶ್ನೆ ಒಂದೂ ಇಲ್ಲ. 300ಕ್ಕೆ 210 ಅಂಕ ಬೇಕು. ನೀವು ಮಾಡಿದ ಕೆಲಸ ಯಂತ್ರವನ್ನು ರೀಬೂಟ್ ಮಾಡಿದ ಮೇಲೂ ಉಳಿದಿರಬೇಕು, ಇಲ್ಲದಿದ್ದರೆ ಅಂಕವಿಲ್ಲ.

ಎಲ್ಲರನ್ನೂ ಲ್ಯಾಬಿಗೆ ಕರೆಸುವುದು ದುಬಾರಿ. ಹಾಗಾಗಿ ಸಿಸಿಎನ್‌ಎ, ಎ ಪ್ಲಸ್ ಥರದ ಆರಂಭದ ಪರೀಕ್ಷೆಗಳಿಗೆ ನಡುವಿನ ದಾರಿಯಾಗಿ ಪರದೆಯ ಮೇಲಿನ ನಕಲಿ ಯಂತ್ರ, ಅಂದರೆ ಸಿಮ್ಯುಲೇಷನ್ ಬಂತು.

ಇವತ್ತು ಏನು ಬರುತ್ತೆ?

ಎಸ್ಸೆಸ್ಸೆಲ್ಸಿ ಬರೆದವರಿಗೆ ಇವು ಹೊಸವಲ್ಲ.

ಒಂದು, ಆಯ್ಕೆ ಪ್ರಶ್ನೆ. ಕೆಲವಕ್ಕೆ ಒಂದೇ ಉತ್ತರ, ಕೆಲವಕ್ಕೆ ಎರಡು ಮೂರು. ‘ಚೂಸ್ ಟೂ’ ಎಂದಿದ್ದರೆ ಎರಡನ್ನು ಆರಿಸಲೇಬೇಕು.

ಎರಡು, ಎಳೆದು ಹಾಕುವುದು, ಅಂದರೆ ಡ್ರ್ಯಾಗ್ ಆ್ಯಂಡ್ ಡ್ರಾಪ್. ನಮ್ಮ ‘ಹೊಂದಿಸಿ ಬರೆಯಿರಿ’ಯೇ ಇದು. ಕೆಲಸದ ಹೆಜ್ಜೆಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸಲೂ ಕೇಳಬಹುದು.

ಮೂರು, ಕೇಸ್ ಸ್ಟಡಿ. ಗದ್ಯಭಾಗ ಓದಿ ಉತ್ತರಿಸುವ ಹಾಗೆ. ಒಂದು ಕಂಪನಿಯ ಸ್ಥಿತಿ ವಿವರಿಸಿ ಅದರ ಮೇಲೆ ಹಲವು ಪ್ರಶ್ನೆ ಇರುತ್ತವೆ. ಮೈಕ್ರೋಸಾಫ್ಟ್‌ನ ಕೆಲವು ಪರೀಕ್ಷೆಗಳಲ್ಲಿ ಕಾಣಸಿಗುತ್ತದೆ.

ನಾಲ್ಕು, ಪ್ರಾಕ್ಟಿಕಲ್. ಕಾಂಪ್‌ಟಿಯಾದಲ್ಲಿ ಇದನ್ನು ‘ಪಿಬಿಕ್ಯೂ’ ಎನ್ನುತ್ತಾರೆ. ಪರದೆಯ ಮೇಲೆ ವೈಫೈ ರೂಟರ್ ಹೊಂದಿಸುವುದು, ಕಮಾಂಡ್ ಟೈಪ್ ಮಾಡುವುದು, ಕೆಟ್ಟ ಭಾಗ ಪತ್ತೆ ಮಾಡುವುದು ಇತ್ಯಾದಿ.

ಎ ಪ್ಲಸ್‌ನಲ್ಲಿ ಎರಡು ಪತ್ರಿಕೆ. ಪ್ರತಿಯೊಂದಕ್ಕೂ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಅಂಕ 100ರಿಂದ 900ರವರೆಗೆ, ಪಾಸಿಗೆ ಮೊದಲನೆಯದಕ್ಕೆ 675, ಎರಡನೆಯದಕ್ಕೆ 700 ಬೇಕು. ಪ್ರಾಕ್ಟಿಕಲ್ ಪ್ರಶ್ನೆಗಳು ಸಾಮಾನ್ಯವಾಗಿ ಮೊದಲಿಗೇ ಬಂದು ಗಾಬರಿ ಮಾಡುತ್ತವೆ. ಅಲ್ಲೇ ಅರ್ಧ ಗಂಟೆ ಕಳೆದರೆ ಉಳಿದವಕ್ಕೆ ಸಮಯ ಸಾಲದು. ಗುರುತು ಹಾಕಿ ಮುಂದೆ ಹೋಗಿ, ಕೊನೆಗೆ ವಾಪಸ್ ಬನ್ನಿ. ಸಿಸ್ಕೊ ಪರೀಕ್ಷೆಯಲ್ಲಿ ಮಾತ್ರ ಹೀಗೆ ಮಾಡಲಾಗದು. ಮುಂದೆ ಹೋದರೆ ಹಿಂದಿನ ಪ್ರಶ್ನೆಗೆ ಮರಳುವ ದಾರಿಯಿಲ್ಲ.

ಎಡಬ್ಲ್ಯೂಎಸ್‌ನ ಅಸೋಸಿಯೇಟ್ ಪರೀಕ್ಷೆಯ 65 ಪ್ರಶ್ನೆಗಳಲ್ಲಿ 15ಕ್ಕೆ ಅಂಕವೇ ಇಲ್ಲ. ಮುಂದಿನ ಪರೀಕ್ಷೆಗೆಂದು ಪರೀಕ್ಷಿಸುತ್ತಿರುವ ಪ್ರಶ್ನೆಗಳವು. ಯಾವುವೆಂದು ಹೇಳುವುದಿಲ್ಲ. ಹಾಗಾಗಿ ಕೇಳರಿಯದ ಪ್ರಶ್ನೆ ಬಂದರೆ ಎದೆಗುಂದಬೇಡಿ. ಎಡಬ್ಲ್ಯೂಎಸ್, ಮೈಕ್ರೋಸಾಫ್ಟ್ ಎರಡರಲ್ಲೂ ತಪ್ಪಿಗೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಈ ಪರೀಕ್ಷೆಗಳು ಕನ್ನಡದಲ್ಲಿಲ್ಲ. ಎಷ್ಟೋ ಸಲ ಅಂಕ ಹೋಗುವುದು ವಿಷಯ ಗೊತ್ತಿಲ್ಲದೆ ಅಲ್ಲ, ‘ನಾಟ್’, ‘ಬೆಸ್ಟ್’, ‘ಫಸ್ಟ್’ ಎಂಬ ಒಂದು ಪದ ಕಣ್ತಪ್ಪಿದ್ದಕ್ಕೆ. ‘ಫಸ್ಟ್’ ಎಂದರೆ ನಾಲ್ಕೂ ಉತ್ತರ ಸರಿಯಿದ್ದರೂ ಮೊದಲು ಮಾಡಬೇಕಾದದ್ದು ಯಾವುದು ಎಂದು ಕೇಳುತ್ತಿದ್ದಾರೆ. ಆ ಪದ ಹುಡುಕಿಕೊಂಡು ಪ್ರಶ್ನೆಯನ್ನು ಎರಡು ಸಲ ಓದಿ.

ಡಂಪ್ ಕೊಳ್ಳುವ ಮುಂಚೆ

ಇವತ್ತೂ ಟೆಲಿಗ್ರಾಮ್, ವಾಟ್ಸಾಪ್ ಗುಂಪುಗಳಲ್ಲಿ ‘ನೂರಕ್ಕೆ ನೂರು ಗ್ಯಾರಂಟಿ’ ಎಂದು ಡಂಪ್ ಮಾರುತ್ತಾರೆ. ಅದರಲ್ಲಿ ಎಷ್ಟೋ ಉತ್ತರಗಳು ತಪ್ಪು. ಬಳಸಿದ್ದು ಪತ್ತೆಯಾದರೆ ಸರ್ಟಿಫಿಕೇಟ್ ರದ್ದು ಮಾಡಿ, ಮತ್ತೆ ಪರೀಕ್ಷೆ ಬರೆಯದಂತೆ ತಡೆಯುವ ಹಕ್ಕು ಕಂಪನಿಗಳಿಗಿದೆ. ಇಷ್ಟಕ್ಕೂ ಪ್ರಾಕ್ಟಿಕಲ್ ಪ್ರಶ್ನೆಯ ಮುಂದೆ ಬಾಯಿಪಾಠ ನಡೆಯುವುದಿಲ್ಲ. ಮೈಕ್ರೋಸಾಫ್ಟ್ ಅಂತೂ 2023ರಿಂದ ಮೇಲಿನ ಹಂತದ ಹಲವು ಪರೀಕ್ಷೆಗಳಲ್ಲಿ ತನ್ನ ಕಲಿಕೆಯ ಪುಟಗಳನ್ನು ತೆರೆದು ನೋಡಿಕೊಳ್ಳಲು ಬಿಟ್ಟಿದೆ. ಪುಸ್ತಕ ತೆರೆದಿಟ್ಟರೂ ಕೆಲಸ ಗೊತ್ತಿಲ್ಲದವರಿಗೆ ಉತ್ತರ ಸಿಗದು ಎಂಬ ಧೈರ್ಯ ಅದಕ್ಕೆ.

ದುಡ್ಡಿಲ್ಲದೆ ಅಭ್ಯಾಸ ಮಾಡುವ ದಾರಿಗಳಿವೆ. ಯಾವ ವಿಷಯಗಳು ಬರುತ್ತವೆ ಎಂಬ ಪಟ್ಟಿಯನ್ನು ಕಾಂಪ್‌ಟಿಯಾ ಉಚಿತವಾಗಿ ಕೊಡುತ್ತದೆ. ಪ್ರಶ್ನೆಯ ಮಾದರಿಗಳನ್ನು ಮುಟ್ಟಿ ನೋಡಲು ಮೈಕ್ರೋಸಾಫ್ಟ್‌ನ ‘ಎಕ್ಸಾಂ ಸ್ಯಾಂಡ್‌ಬಾಕ್ಸ್’ ಇದೆ. ನೆಟ್‌ವರ್ಕ್ ಕಟ್ಟಿ ಕಲಿಯಲು ಸಿಸ್ಕೊದ ಪ್ಯಾಕೆಟ್ ಟ್ರೇಸರ್, ಲಿನಕ್ಸ್ ಕಲಿಯಲು ವರ್ಚುವಲ್‌ಬಾಕ್ಸ್ ಇವೆ, ಇವೂ ಉಚಿತ. ಸ್ವಂತ ಕಂಪ್ಯೂಟರ್ ಇಲ್ಲದವರು ಕಾಲೇಜಿನ ಲ್ಯಾಬಿನಲ್ಲಿ ಕೇಳಿ ಹಾಕಿಸಿಕೊಳ್ಳಿ.

ಫೀಸು ಕಟ್ಟುವ ಮುಂಚೆ ಆ ವಿಷಯಪಟ್ಟಿ ಹಿಡಿದು ಕೂತು ಒಂದೊಂದು ಸಾಲಿಗೂ ನಿಮ್ಮನ್ನೇ ಕೇಳಿಕೊಳ್ಳಿ: ಇದನ್ನು ನಾನು ಕೈಯಾರೆ ಮಾಡಿದ್ದೇನೆಯೇ? ಮಾಡಿಲ್ಲದ ಸಾಲುಗಳು ಹೆಚ್ಚಿದ್ದರೆ ಪರೀಕ್ಷೆಯ ದಿನವನ್ನು ಒಂದು ತಿಂಗಳು ಮುಂದಕ್ಕೆ ಹಾಕಿ. ದಿನ ಮುಂದಕ್ಕೆ ಹೋದರೆ ಫೀಸು ಹೋಗುವುದಿಲ್ಲ, ತಯಾರಿಲ್ಲದೆ ಕೂತರೆ ಹೋಗುತ್ತದೆ.