ಮಣಿಪಾಲದ ರಾತ್ರಿ: ವಿದ್ಯಾರ್ಥಿಗಳಿಗೆ ಏನುಂಟು, ಏನಿಲ್ಲ

ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ ಬೋಳುಗುಡ್ಡವಾಗಿದ್ದ ಮಣಿಪಾಲ, ಇಂದು ದೇಶವಿದೇಶಗಳ ಸಹಸ್ರಾರು ವಿದ್ಯಾರ್ಥಿಗಳ ಊರು. ಇವರ ಬಿಡುವಿನ ವೇಳೆಗೆ ಲಭ್ಯವಿರುವ ತಾಣಗಳು ಹಾಗೂ ಪಾಲಿಸಬೇಕಾದ ನಿಯಮಗಳ ಸ್ಥೂಲ ಪರಿಚಯ ಇಲ್ಲಿದೆ.

ಸಂಜೆ: ಸ್ವರ್ಣಾ ನದಿಯ ಕಣಿವೆಗೆ ಮುಖಮಾಡಿದ ಎಂಡ್ ಪಾಯಿಂಟ್, ಮಣ್ಣಪಳ್ಳ ಕೆರೆಯ ದಂಡೆ ಹಾಗೂ ಮಲ್ಪೆ ಕಡಲತೀರ ಗೆಳೆಯರ ಗುಂಪುಗಳಿಗೆ ಪ್ರಿಯವಾದವು. ಮಳೆಗಾಲದಲ್ಲಿ ಕಡಲಿಗೆ ಇಳಿಯುವುದು ಅಪಾಯಕಾರಿ.

ಪಾರ್ಟಿ: ಟೈಗರ್ ಸರ್ಕಲ್ ಆಸುಪಾಸಿನಲ್ಲಿ ಹೋಟೆಲು, ಪಬ್‌ಗಳಿವೆ. ಆದರೆ ರಾಜ್ಯದ ಅಬಕಾರಿ ನಿಯಮದಂತೆ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ. ಇದನ್ನು 18ಕ್ಕೆ ಇಳಿಸುವ ಪ್ರಸ್ತಾವವನ್ನು ಸರಕಾರ 2023ರಲ್ಲಿ ವಿರೋಧದ ಬಳಿಕ ಕೈಬಿಟ್ಟಿತು. ಪದವಿ ತರಗತಿಯ ಬಹುಪಾಲು ವಿದ್ಯಾರ್ಥಿಗಳು ಈ ಮಿತಿಯ ಒಳಗೇ ಬರುತ್ತಾರೆ. ಬಾಡಿಗೆ ಮನೆಗಳಲ್ಲಿ ಕೂಟ ನಡೆಸುವವರು ರಾತ್ರಿ 10ರ ನಂತರ ಧ್ವನಿವರ್ಧಕ ಬಳಸುವುದಕ್ಕೆ ನಿಷೇಧವಿರುವುದನ್ನು ಮರೆಯಬಾರದು.

ಜಾಗರಣೆ: ನವೆಂಬರಿನಿಂದ ಮೇ ತನಕ ಸುತ್ತಲ ಊರುಗಳಲ್ಲಿ ಯಕ್ಷಗಾನ ಮೇಳಗಳ ತಿರುಗಾಟ. ಹರಕೆಯ ಬಯಲಾಟಕ್ಕೆ ಟಿಕೆಟ್ ಇಲ್ಲ, ಪರವೂರಿನವರಿಗೂ ಸ್ವಾಗತವಿದೆ. ಎರಡು ವರ್ಷಗಳಿಗೊಮ್ಮೆ, ಪರ್ಯಾಯದ ಮುನ್ನಾದಿನವಾದ ಜನವರಿ 17ರಂದು, ಉಡುಪಿ ನಗರವೇ ರಾತ್ರಿಯಿಡೀ ಎಚ್ಚರವಿರುತ್ತದೆ.

ಸುರಕ್ಷತೆ: 2013ರ ಜೂನ್‌ನಲ್ಲಿ ಇಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದ ವಿದ್ಯಾರ್ಥಿನಿ ರಾತ್ರಿ ಮರಳುತ್ತಿದ್ದುದು ಗ್ರಂಥಾಲಯದಿಂದ, ಪಾರ್ಟಿಯಿಂದಲ್ಲ. ಆದುದರಿಂದ ಇರುಳಿನ ರಸ್ತೆ ನಿರ್ಭಯವಾಗಿರಬೇಕಾದುದು ಮೋಜಿಗೆ ಹೊರಟವರಿಗೆ ಮಾತ್ರವಲ್ಲ, ಓದಿ ಬರುವವರಿಗೂ ಅಗತ್ಯ. ತುರ್ತು ನೆರವಿಗೆ 112ಕ್ಕೆ ಕರೆ ಮಾಡಬಹುದು.