ಪಂಜರದ ಗಿಳಿಯೂ ನಮ್ಮ ಕಾದಂಬರಿಯೂ

ರೆಕ್ಕೆಯುಳ್ಳ ಜೀವಿಗಳು ಸೆರೆಸಿಕ್ಕು, ಮೆಲ್ಲಮೆಲ್ಲನೆ ಪರರನ್ನು ನಂಬಲು ಕಲಿತು, ಕೊನೆಗೆ ಪ್ರೀತಿಯಲ್ಲಿ ಬಿಡುಗಡೆ ಕಾಣುವ ಇಂಗ್ಲಿಷ್ ಕಥೆಗಳನ್ನು ಈಗ ನನ್ನ ವಿದ್ಯಾರ್ಥಿನಿಯರು ಆಸೆಪಟ್ಟು ಓದುತ್ತಾರೆ. ಇದು ಪಶ್ಚಿಮದಿಂದ ಬಂದ ಹೊಸ ಸರಕೆಂದು ಹಿರಿಯರು ಮೂಗು ಮುರಿಯುವುದುಂಟು. ಆದರೆ ಅಂಥದೇ ಕಥೆಯೊಂದರ ನಾಯಕಿಯ ಹೆಸರನ್ನು ನಾವು ಒಂದು ಸಾಹಿತ್ಯಪ್ರಕಾರಕ್ಕೇ ಇಟ್ಟುಕೊಂಡಿರುವುದು ಎಷ್ಟು ಜನರ ನೆನಪಿನಲ್ಲಿದೆ?

೭ನೆಯ ಶತಮಾನದಲ್ಲಿ ಹರ್ಷನ ಆಶ್ರಯದಲ್ಲಿದ್ದ ಬಾಣಭಟ್ಟನು ಸಂಸ್ಕೃತ ಗದ್ಯದಲ್ಲಿ ‘ಕಾದಂಬರಿ’ಯನ್ನು ತೊಡಗಿದನು. ಅದು ಮುಗಿಯುವ ಮುನ್ನ ಅವನು ತೀರಿಕೊಳ್ಳಲು ಮಗನು ಪೂರ್ತಿಗೊಳಿಸಿದನು. ೧೦ನೆಯ ಶತಮಾನದ ಕೊನೆಯ ಹೊತ್ತಿಗೆ ಒಂದನೆಯ ನಾಗವರ್ಮನು ಅದನ್ನು ಚಂಪೂರೂಪದಲ್ಲಿ ಕನ್ನಡಕ್ಕೆ ತಂದನು. ಅಲ್ಲಿ ಕಥೆ ಹೇಳುವವನು ವೈಶಂಪಾಯನನೆಂಬ ಗಿಳಿ.

ವಿಂಧ್ಯಾಟವಿಯ ಬೂರುಗದ ಮರದಲ್ಲಿ ಹುಟ್ಟಿದ ಆ ಮರಿಯ ತಂದೆಯನ್ನು ಬೇಟೆಗಾರನೊಬ್ಬ ಕೊಂದನು. ಬಾಯಾರಿ ಬಿದ್ದಿದ್ದ ಮರಿಯ ಬಾಯಿಗೆ ಹಾರೀತನೆಂಬ ಮುನಿಕುಮಾರನು ನೀರಿನ ಹನಿ ಬಿಟ್ಟು ಬದುಕಿಸಿದನು. ರೆಕ್ಕೆ ಬಲಿತು ಹಾರಿದಾಗ ಅದು ಬಲೆಗೆ ಬಿದ್ದು ಮಾತಂಗ ಕನ್ಯೆಯೊಬ್ಬಳ ಪಂಜರ ಸೇರಿತು. ಹಸಿವಿಗೆ ಅವಳು ಕೊಟ್ಟ ಹಣ್ಣು ತಿಂದರೂ ಮೌನವನ್ನು ಮುರಿಯಲಿಲ್ಲ. ಮುಂದೆ ಅವಳು ಅದನ್ನು ಶೂದ್ರಕ ರಾಜನ ಸಭೆಗೆ ತಂದಳು. ರಾಜನು ಒಡನೆಯೇ ಕಥೆ ಹೇಳೆಂದು ಒತ್ತಾಯಿಸಲಿಲ್ಲ. ಗಿಳಿಯನ್ನು ಒಳಮನೆಗೆ ಕಳುಹಿಸಿ ಉಪಚರಿಸಿದನು. ತಾನೂ ಊಟ ಮುಗಿಸಿದ ಬಳಿಕ, ತಿನ್ನಲು ರುಚಿಯಾದದ್ದು ಸಿಕ್ಕಿತೇ ಎಂದು ವಿಚಾರಿಸಿ, ಆಮೇಲೆ ಅದರ ವೃತ್ತಾಂತವನ್ನು ಕೇಳಿದನು. ಸೆರೆಯಾಳು ಬಾಯಿಬಿಟ್ಟಿತು.

ಕೇಳುತ್ತ ಹೋದಂತೆ ಗಿಳಿಯೂ ರಾಜನೂ ಶಾಪದಿಂದ ಜನ್ಮ ಬದಲಿಸಿದ ಪ್ರೇಮಿಗಳೆಂದು ತಿಳಿಯುತ್ತದೆ. ಪಂಜರದಲ್ಲಿಟ್ಟ ಕನ್ಯೆಯೋ, ಮಗನನ್ನು ಕಾಯಲು ವೇಷ ಮರೆಸಿ ಬಂದ ತಾಯಿ ಲಕ್ಷ್ಮಿ! ಅತ್ತ ಮಹಾಶ್ವೇತೆಯೂ ಕಾದಂಬರಿಯೂ, ಅಗಲಿದವರು ಮರಳುವರೆಂಬ ಒಂದು ಮಾತನ್ನೇ ನಂಬಿ ಕಾದಿರುತ್ತಾರೆ.

ಈ ಹೆಸರು ಮಂಗಳೂರಿಗೆ ಬಂದ ಬಗೆಯೂ ಸ್ವಾರಸ್ಯವಾಗಿದೆ. ಬಾಸೆಲ್ ಮಿಶನ್ನಿನವರು ೧೮೪೧ರಲ್ಲಿ ಇಲ್ಲಿ ಮುದ್ರಣಾಲಯ ತೆರೆದರು. ನಾಗವರ್ಮನದೇ ಆದ ‘ಛಂದೋಂಬುಧಿ’ಯನ್ನು ಕಿಟ್ಟೆಲರು ಸಂಪಾದಿಸಿ ೧೮೭೫ರಲ್ಲಿ ಮಂಗಳೂರಿನಿಂದಲೇ ಹೊರತಂದರು. ೧೮೯೯ರಲ್ಲಿ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿಯೇ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂಬ ಹೆಗ್ಗಳಿಕೆ ಅದಕ್ಕೆ. ಅದರ ನಾಯಕಿಗೆ ರೆಕ್ಕೆಯಿಲ್ಲ, ಶಾಪವಿಲ್ಲ. ಎಳೆಯ ವಯಸ್ಸಿನ ವೈಧವ್ಯವೇ ಅವಳ ಪಂಜರ. ಧರ್ಮದ ಹೆಸರಿನಲ್ಲಿ ಕಪಟಿಗಳು ಹತ್ತಿರ ಬಂದ ಮನೆಯನ್ನು ತೊರೆದು, ಆಕೆ ಅಮೃತರಾಯರೆಂಬ ಸಜ್ಜನರ ಆಶ್ರಯವನ್ನು ನಂಬುತ್ತಾಳೆ, ವಿದ್ಯೆ ಕಲಿಯುತ್ತಾಳೆ, ಭಾಸ್ಕರನನ್ನು ಮದುವೆಯಾಗುತ್ತಾಳೆ.

ಒಂದರಲ್ಲಿ ಗಂಧರ್ವಲೋಕ, ಇನ್ನೊಂದರಲ್ಲಿ ನಮ್ಮ ಜಿಲ್ಲೆಯ ನಡುಮನೆ. ಆದರೂ ಎರಡರ ಒಳತಿರುಳು ಒಂದೇ ಎಂದರೆ ತಪ್ಪಾಗಲಾರದು. ಪಂಜರದ ಬಾಗಿಲು ತೆರೆದರಷ್ಟೇ ಸಾಲದು. ಹೊರಗೆ ನಂಬತಕ್ಕವರೊಬ್ಬರು ಇರಬೇಕು. ರೆಕ್ಕೆಯ ಕಥೆ ಓದುವ ಹೆಣ್ಣುಮಕ್ಕಳನ್ನು ಗದರಿಸುವ ಹಿರಿಯರು, ತಾವು ಅಂಥವರಾಗಿರುವೆವೇ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.