ತಾಳಮದ್ದಳೆ, ಆಟದ ಚಿತ್ರೀಕರಣಕ್ಕೆ ಚಿಕ್ಕ ಕ್ಯಾಮರಾ: ಕೊಳ್ಳುವ ಮುನ್ನ ತಿಳಿಯಬೇಕಾದ್ದು

ಕಾಸರಗೋಡು, ಕುಂಬಳೆ, ಮಂಜೇಶ್ವರ ಕಡೆಯ ಊರುಗಳಲ್ಲಿ ಯಕ್ಷಗಾನ, ತಾಳಮದ್ದಳೆಗಳನ್ನು ವಿಡಿಯೋ ಮಾಡಿ ಇಡಬೇಕೆಂಬ ಆಸೆ ಹಲವರಿಗಿದೆ. ಭಾಗವತರ ಪದಗಳು ಪ್ರಸಂಗ ಪುಸ್ತಕದಲ್ಲಿ ಸಿಗುತ್ತವೆ. ಆದರೆ ಅರ್ಥಧಾರಿ ಆ ದಿನ ಸ್ಥಳದಲ್ಲೇ ಕಟ್ಟಿ ಆಡಿದ ಮಾತು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಆದ್ದರಿಂದ ಕಡಿಮೆ ಬೆಲೆಯ ಕ್ಯಾಮರಾ ಆರಿಸುವಾಗ ಮೆಗಾಪಿಕ್ಸೆಲ್‌ಗಿಂತ ಕೆಳಗಿನ ಅಂಶಗಳನ್ನು ಮೊದಲು ನೋಡಬೇಕು.

ಅವಧಿ: ಹಲವು ಚಿಕ್ಕ ಕ್ಯಾಮರಾಗಳು 29 ನಿಮಿಷ 59 ಸೆಕೆಂಡಿಗೆ ಚಿತ್ರೀಕರಣ ನಿಲ್ಲಿಸುತ್ತವೆ. 30 ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಚಿತ್ರೀಕರಿಸುವುದನ್ನು ವಿಡಿಯೋ ಕ್ಯಾಮರಾ ಎಂದು ಗಣಿಸಿ ಐರೋಪ್ಯ ಒಕ್ಕೂಟ ಹೆಚ್ಚಿನ ಸುಂಕ ಹಾಕುತ್ತಿದ್ದುದೇ ಇದಕ್ಕೆ ಮುಖ್ಯ ಕಾರಣ. ಕೆಲವು ಹಳೆಯ ಮಾದರಿಗಳು ಕಡತ 4 ಜಿಬಿ ಆದೊಡನೆ ನಿಲ್ಲುತ್ತವೆ. ಸಂವಾದದ ನಡುವೆ ಹೀಗಾದರೆ ಆ ಮಾತು ಹೋದಂತೆಯೇ.

ಧ್ವನಿ: ಅಗ್ಗದ ಮಾದರಿಗಳಲ್ಲಿ ಹೊರಗಿನ ಮೈಕ್ ಜೋಡಿಸುವ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಆಗ ಅರ್ಥಧಾರಿಗಳ ಹತ್ತಿರ ಒಂದು ಮೊಬೈಲಿನಲ್ಲಿ ಧ್ವನಿಯನ್ನು ಬೇರೆಯಾಗಿ ಮುದ್ರಿಸಿಕೊಳ್ಳಬಹುದು. ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಅನಂತರ ಕಂಪ್ಯೂಟರಿನಲ್ಲಿ ಎರಡನ್ನೂ ಹೊಂದಿಸಲು ಸುಲಭ. ಮೊಬೈಲನ್ನು ಚೆಂಡೆ, ಧ್ವನಿವರ್ಧಕಗಳಿಂದ ದೂರವಿಡಬೇಕು.

ಬೆಳಕು: ರಾತ್ರಿಯ ಆಟಕ್ಕೆ ದೊಡ್ಡ ಸೆನ್ಸರ್ ಒಳ್ಳೆಯದು. 1 ಇಂಚಿನದೆಂದು ಕರೆಯುವ ಸೆನ್ಸರಿನ ವಿಸ್ತೀರ್ಣ, ಅಗ್ಗದ ಕ್ಯಾಮರಾಗಳಲ್ಲಿರುವ 1/2.3 ಇಂಚಿನದಕ್ಕಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು, ಬೆಲೆಯೂ ಹೆಚ್ಚು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 25 ಅಥವಾ 50 ಚೌಕಟ್ಟು, ಅಂದರೆ 'ಪಾಲ್' ಆಯ್ಕೆ ಇರುವ ಕ್ಯಾಮರಾದಲ್ಲಿ ಟ್ಯೂಬ್‌ಲೈಟಿನ ಮಿನುಗಾಟ ಕಡಿಮೆ.

ಜೂಮ್: ಆಪ್ಟಿಕಲ್ ಜೂಮ್ ಎಷ್ಟಿದೆ ಎಂಬುದನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಡಿಜಿಟಲ್ ಜೂಮ್ ಚಿತ್ರದ ಒಂದು ಭಾಗವನ್ನು ಕತ್ತರಿಸಿ ಹಿಗ್ಗಿಸುತ್ತದೆ ಅಷ್ಟೆ.

ಕಾರ್ಡು, ಬ್ಯಾಟರಿ: ಸೆಕೆಂಡಿಗೆ 16 ಮೆಗಾಬಿಟ್‌ನಂತೆ ಚಿತ್ರೀಕರಿಸಿದರೆ ಗಂಟೆಗೆ ಸುಮಾರು 7 ಜಿಬಿ ಬೇಕು, 64 ಜಿಬಿ ಕಾರ್ಡಿಗೆ ಎಂಟು ಗಂಟೆ ಹಿಡಿಯುತ್ತದೆ. ಕಾರ್ಡು 'ಕ್ಲಾಸ್ 10' ಆಗಿರಲಿ. ಒಂದೇ ಬ್ಯಾಟರಿ ಇಡೀ ರಾತ್ರಿ ಬಾರದು, ಇನ್ನೊಂದು ಜೊತೆಗಿರಲಿ.

ಮೊಬೈಲಿನ ಪೈಪೋಟಿಯಿಂದ ಅಗ್ಗದ ಚಿಕ್ಕ ಕ್ಯಾಮರಾಗಳ ಹೊಸ ಮಾದರಿಗಳು ಕಡಿಮೆಯಾಗಿವೆ. ಹಳೆಯದನ್ನು ಕೊಳ್ಳುವವರು ಅಂಗಡಿಯಲ್ಲೇ 35 ನಿಮಿಷ ಬಿಡದೆ ಚಿತ್ರೀಕರಿಸಿ, ಇಯರ್‌ಫೋನಿನಲ್ಲಿ ಧ್ವನಿ ಕೇಳಿ ನೋಡಬೇಕು. ಅದೇ ಹಣಕ್ಕೆ ಸುಸ್ಥಿತಿಯ ಹಳೆಯ ಹ್ಯಾಂಡಿಕ್ಯಾಮ್ ಸಿಕ್ಕಿದರೆ ದೀರ್ಘ ಚಿತ್ರೀಕರಣಕ್ಕೆ ಅದೇ ಮೇಲು. ಉಳಿದ ಹಣದಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಕೊಳ್ಳಬಹುದು. ಚಿತ್ರೀಕರಣಕ್ಕೆ ಕಲಾವಿದರ ಹಾಗೂ ಸಂಘಟಕರ ಒಪ್ಪಿಗೆಯನ್ನು ಮೊದಲೇ ಪಡೆಯಬೇಕು. ಮುಗಿದ ಮರುದಿನವೇ ಪ್ರತಿ ಮಾಡಿ ಎರಡು ಕಡೆ ಇಟ್ಟರೆ ಕಾರ್ಡು ಕೆಟ್ಟರೂ ಅರ್ಥ ಉಳಿಯುತ್ತದೆ.